ಬಿಪಿ ನೋಡುವಾಗ ಮನಸ್ಸನ್ನೂ ಕೇಳಿ: ವಾರ್ಡಿಗೆ ಹೊಸದಾಗಿ ಬರುವ ತಂಗಿಯರಿಗೆ

ನಾನು ಬಿ.ಎಸ್ಸಿ. ನರ್ಸಿಂಗ್ ಮೂರನೇ ವರ್ಷದಲ್ಲಿದ್ದೇನೆ. ಬೆಟಗೇರಿಯ ಚರ್ಚಿನಲ್ಲಿ ಬೆಳೆದವಳು. ಪ್ರಾರ್ಥನೆ ಮಾಡದೆ ಮನೆಯಿಂದ ಹೊರಗೆ ಕಾಲಿಟ್ಟವಳಲ್ಲ. ಮೊದಲ ವರ್ಷ ವಾರ್ಡಿನಲ್ಲಿ ಒಬ್ಬ ಅಮ್ಮ ನೋವಿನಿಂದ ಅಳುತ್ತಿದ್ದರು. ಅವರ ಕೈ ಹಿಡಿದು, ಒಂದು ಮಾತೂ ಕೇಳದೆ, ಜೋರಾಗಿ ಪ್ರಾರ್ಥನೆ ಮಾಡಿಬಿಟ್ಟೆ. ಕಣ್ಣು ಬಿಟ್ಟಾಗ ಅವರು ಗೋಡೆ ಕಡೆ ಮುಖ ತಿರುಗಿಸಿದ್ದರು. ಕೈ ಮಾತ್ರ ನನ್ನ ಕೈಯಲ್ಲೇ ಇತ್ತು. ಕ್ಯಾನುಲಾ, ಅಂದರೆ ಸಲೈನ್ ಏರಿಸುವ ಸಣ್ಣ ಕೊಳವೆ, ಹಾಕಿದ್ದ ಕೈ ಅದು. ಎಳೆದುಕೊಳ್ಳಲೂ ಅವರಿಗೆ ಆಗುತ್ತಿರಲಿಲ್ಲ.

ಅದಕ್ಕೇ ಮೊದಲು ಕೇಳುವುದನ್ನು ಕಲಿಯಿರಿ. ಅಮೆರಿಕದ ವೈದ್ಯೆ ಕ್ರಿಸ್ಟಿನಾ ಪುಚಾಲ್ಸ್ಕಿ 1996ರಲ್ಲಿ ‘ಫಿಕಾ’ ಅನ್ನುವ ಒಂದು ಕ್ರಮ ರೂಪಿಸಿದರು. ರೋಗಿಯ ನಂಬಿಕೆ ಏನು, ಅದು ಅವರಿಗೆ ಎಷ್ಟು ಮುಖ್ಯ, ಅವರ ಜೊತೆ ಯಾರಿದ್ದಾರೆ, ನಾವು ಏನು ಮಾಡಬೇಕು – ಇಷ್ಟೇ. ಆದರೆ ‘ನಿಮ್ಮ ಧರ್ಮ ಯಾವುದು?’ ಅಂತ ಶುರು ಮಾಡಬೇಡಿ. ಜಾತಿ ವಿಚಾರಿಸುತ್ತಿದ್ದಾರೆ ಅಂದುಕೊಳ್ಳುತ್ತಾರೆ. ನಾನು ‘ಕಷ್ಟ ಬಂದಾಗ ಯಾರನ್ನ ನೆನೀತೀರಿ?’ ಅಂತ ಕೇಳುತ್ತೇನೆ. ಕೆಲವರು ಎಲ್ಲಮ್ಮ ಅಂತಾರೆ, ಕೆಲವರು ಸತ್ತುಹೋದ ಅಣ್ಣನ ಹೆಸರು ಹೇಳುತ್ತಾರೆ. ಎರಡೂ ಉತ್ತರವೇ. ಬಿಪಿ ಪಟ್ಟಿ ಬಿಚ್ಚುವಾಗ ಕೇಳಿ. ಅಳೆಯುವಾಗ ಮಾತಾಡಿಸಿದರೆ ಬಿಪಿ ಜಾಸ್ತಿ ತೋರಿಸುತ್ತದೆ.

ಕೇಳಿದ ಮೇಲೆ ಅದಕ್ಕೆ ತಕ್ಕ ಹಾಗೆ ಕೆಲಸ ಆಗಬೇಕು. ಸೊಂಟದ ಮೂಳೆ ಮುರಿದ ಒಬ್ಬ ಅಜ್ಜಿಯನ್ನು ಓಟಿಗೆ (ಆಪರೇಷನ್ ಕೋಣೆಗೆ) ಕಳಿಸಬೇಕಿತ್ತು. ಮೈಮೇಲೆ ಲೋಹ ಇರಬಾರದು, ಓಟಿಯ ಕರೆಂಟಿನ ಉಪಕರಣದಿಂದ ಚರ್ಮ ಸುಡಬಹುದು. ಬಳೆ, ಓಲೆ ಎಲ್ಲ ಬಿಚ್ಚಿಕೊಟ್ಟ ಅಜ್ಜಿ ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯನ್ನು ಮಾತ್ರ ಮುಷ್ಟಿಯಲ್ಲಿ ಹಿಡಿದುಕೊಂಡರು. ‘ಲಿಂಗ ತಗದ್ರ ನಾ ಉಳಿಯಂಗಿಲ್ಲ, ಮಗಳ.’ ನಾನು ವಾದ ಮಾಡಲಿಲ್ಲ, ಕರಡಿಗೆಗೆ ಕೈಯೂ ಹಚ್ಚಲಿಲ್ಲ. ಸ್ಟಾಫ್ ಸಿಸ್ಟರ್‌ಗೆ ಹೇಳಿದೆ, ಅವರು ಅರಿವಳಿಕೆ ಡಾಕ್ಟರನ್ನು ಕೇಳಿದರು. ಬೆಳ್ಳಿ ಬೇಡ, ಬಟ್ಟೆ ಆದರೆ ಪರವಾಗಿಲ್ಲ ಅಂದರು. ಅಜ್ಜಿಯೇ ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಕಣ್ಣಿಗೆ ಒತ್ತಿಕೊಂಡರು. ಸೊಸೆ ಅದನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿದರು. ಐದು ನಿಮಿಷದ ಕೆಲಸ ಅಷ್ಟೇ. ಓಟಿಗೆ ಹೋಗುವಾಗ ಅಜ್ಜಿಯ ಕೈ ನಡುಗುತ್ತಿರಲಿಲ್ಲ.

ತಾಳಿಯ ವಿಷಯದಲ್ಲೂ ಹೀಗೇ. ಅರಿಶಿನ ಕೊಂಬಿನ ದಾರ ಕಟ್ಟಿಕೊಳ್ಳುತ್ತೀರಾ ಅಂತ ಕೇಳಿ. ನಮಾಜಿಗೆ ನೀರು ಮುಟ್ಟುವ ಹಾಗಿಲ್ಲದವರು ಮಣ್ಣಿನಿಂದಲೇ ‘ತಯಮ್ಮುಮ್’ ಅನ್ನುವ ಶುದ್ಧಿ ಮಾಡಿಕೊಳ್ಳುತ್ತಾರೆ. ಅವರಿಗೆ ಅದು ಗೊತ್ತಿರುತ್ತದೆ, ನೀವು ಪರದೆ ಎಳೆದು ಆ ಹೊತ್ತು ಇಂಜೆಕ್ಷನ್ ಹಿಡಿದು ನಿಲ್ಲದಿದ್ದರೆ ಸಾಕು. ಬಾಯಿಗೆ ಏನೂ ಕೊಡಬಾರದು ಅಂತ ಬರೆದಿರುವ ರೋಗಿಗೆ ಮನೆಯವರು ತೀರ್ಥ ತಂದರೆ ಬಯ್ಯಬೇಡಿ. ಡಾಕ್ಟರನ್ನು ಕೇಳಿ, ಹತ್ತಿಯಲ್ಲಿ ತುಟಿ ಒದ್ದೆ ಮಾಡಲು ಆಗುತ್ತದಾ ನೋಡಿ.

ಎಲ್ಲಕ್ಕಿಂತ ಕಷ್ಟದ್ದು ‘ನಾನೇನು ಪಾಪ ಮಾಡಿದ್ದೆ?’ ಅನ್ನುವ ಪ್ರಶ್ನೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ವಾಸಿಯಾಗದ ರೋಗಿಗಳನ್ನು ಕೊನೆಯವರೆಗೆ ನೋಡಿಕೊಳ್ಳುವ ಮನೆ) ತೆರೆದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರು, ಆಮೇಲೆ ಡಾಕ್ಟರ್ ಆದರು. ಮೈ ನೋವಿನ ಜೊತೆ ಮನಸ್ಸು, ಸಂಸಾರ, ನಂಬಿಕೆಯ ನೋವೂ ಹೆಣೆದುಕೊಂಡಿರುತ್ತದೆ ಅಂತ ಅವರು ಕಲಿಸಿದರು. ಹಾಗಂತ ಮಾತ್ರೆ ಕೊಡುವುದನ್ನು ಬಿಟ್ಟು ಮಾತಿಗೆ ಕೂರಬೇಡಿ. ನೋವಿನ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಿ, ಆಮೇಲೆ ಸ್ಟೂಲ್ ಎಳೆದುಕೊಂಡು ಕೂತುಕೊಳ್ಳಿ. ‘ಎಲ್ಲ ದೇವರ ಚಿತ್ತ’ ಅನ್ನುವ ಮಾತು ನಮ್ಮವರ ಬಾಯಿಗೆ ಬೇಗ ಬಂದುಬಿಡುತ್ತದೆ, ಅಲ್ವಾ? ಅದನ್ನು ತಡೆದುಕೊಳ್ಳಿ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಅವನ ಪಕ್ಕ ಸುಮ್ನೆ ನೆಲದ ಮೇಲೆ ಕೂತಿದ್ದರು. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದು ‘ನೀನೇ ಪಾಪ ಮಾಡಿರಬೇಕು’ ಅಂದ ಮೇಲೆ ಎಲ್ಲ ಕೆಟ್ಟಿತು.

ಯಾರಾದರೂ ‘ನನಗೋಸ್ಕರ ಪ್ರಾರ್ಥನೆ ಮಾಡಿ ಸಿಸ್ಟರ್’ ಅಂದರೆ ಖಂಡಿತ ಮಾಡಿ. ಏನು ಬೇಡಬೇಕು ಅಂತ ಮೊದಲು ಅವರನ್ನೇ ಕೇಳಿ. ಸಣ್ಣ ದನಿಯಲ್ಲಿ, ಎರಡು ಮಾತು ಸಾಕು. ಯಾರೂ ಕೇಳದಿದ್ದರೆ ನಿಮ್ಮ ಪ್ರಾರ್ಥನೆ ನಿಮ್ಮೊಳಗೇ ಇರಲಿ. ಸೋಪು ಹಚ್ಚಿ ಕೈ ತೊಳೆಯಲು 40ರಿಂದ 60 ಸೆಕೆಂಡ್ ಬೇಕು. ನಲ್ಲಿ ಮುಂದೆ ನಿಂತ ಆ ಹೊತ್ತಿನಲ್ಲಿ ನಾನು ಮುಂದಿನ ಬೆಡ್ಡಿನವರನ್ನು ದೇವರ ಕೈಗೆ ಒಪ್ಪಿಸುತ್ತೇನೆ.

ಕೊನೆಗೆ, ಕೇಳಿ ತಿಳಿದುಕೊಂಡದ್ದನ್ನು ಬರೆದಿಡಿ. ನಿಮ್ಮ ಡ್ಯೂಟಿ ಮುಗಿದ ಮೇಲೆ ಬರುವವರಿಗೆ ಅದು ಗೊತ್ತಿರುವುದಿಲ್ಲ. ಆಪರೇಷನ್ ಆದ ರಾತ್ರಿ ಆ ಅಜ್ಜಿಯ ನೋಟ್ಸ್‌ನಲ್ಲಿ ನಾನು ಬರೆದದ್ದು ಇಷ್ಟು: ‘ಎಡಗೈಗೆ ಕ್ಯಾನುಲಾ ಬೇಡ. ಬೆಳಿಗ್ಗೆ 6ಕ್ಕೆ ಲಿಂಗಪೂಜೆ. ಮೈ ಒರೆಸುವುದು ಅದಕ್ಕೂ ಮೊದಲು ಆಗಬೇಕು.’