ಬಿಡುವ ಮೊದಲು ಬೇಯಿಸಿ ನೋಡಿ

"ದೊಡ್ಡಮ್ಮ, ಹಾಲು ಬಿಟ್ಟೆ, ಬೇಳೆ ಬಿಟ್ಟೆ, ಗೋಧಿನೂ ಬಿಟ್ಟೆ. ಇನ್ನೇನು ಬಿಡಲಿ?" ಹೊಟ್ಟೆ ಉಬ್ಬರ, ಹುಳಿತೇಗು ಎಂದು ಒದ್ದಾಡುವ ನಮ್ಮ ಮನೆಯ ಕಿರಿಯರು ಕೇಳುವುದು ಹೆಚ್ಚಾಗಿ ಇದನ್ನೇ. ಇನ್ನೇನೂ ಬಿಡಬೇಡಿ ಎನ್ನುತ್ತೇನೆ ನಾನು. ಒಂದೊಂದಾಗಿ ಬಿಡುತ್ತ ಹೋದರೆ ಮೈ ಸೊರಗುತ್ತದೆ, ಹೊಟ್ಟೆಯ ತೊಂದರೆ ಅಲ್ಲೇ ಇರುತ್ತದೆ. ಎಷ್ಟೋ ಸಲ ಪದಾರ್ಥದ ತಪ್ಪೇನೂ ಇರುವುದಿಲ್ಲ. ನೆನೆಸಿದ್ದು ಸಾಲದು, ಬೆಂದದ್ದು ಸಾಲದು, ಇಲ್ಲವೇ ತಿಂದ ಅಳತೆಯೂ ಹೊತ್ತೂ ಸರಿಯಿರುವುದಿಲ್ಲ.

ಬೇಳೆಕಾಳಿನ ವಿಷಯ ಮೊದಲು ಹೇಳಬೇಕು. ಮಾಂಸ, ಮೊಟ್ಟೆ ತಿನ್ನದವರಿಗೆ ಪ್ರೋಟೀನು ಮುಖ್ಯವಾಗಿ ಬರುವುದೇ ಅಲ್ಲಿಂದ, ಅದನ್ನೇ ಬಿಟ್ಟರೆ ಬಹಳ ನಷ್ಟ. ಕಡಲೆ, ಅಲಸಂದೆ, ಹುರುಳಿ, ಅವರೆ ಇವುಗಳಲ್ಲಿ ನಮ್ಮ ಸಣ್ಣ ಕರುಳು ಅರಗಿಸಲಾರದ ಒಂದು ಬಗೆಯ ಸಕ್ಕರೆ ಇರುತ್ತದೆ. ಅದು ಹಾಗೇ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುತ್ತವೆ, ಗ್ಯಾಸ್ ಏಳುತ್ತದೆ. ಆದರೆ ಈ ಸಕ್ಕರೆ ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಕಾಳನ್ನು ರಾತ್ರಿಯೇ ಧಾರಾಳ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಆ ನೀರನ್ನು ಚೆಲ್ಲಿ, ತೊಳೆದು, ಹೊಸ ನೀರಿನಲ್ಲಿ ಬೇಯಿಸಿ. ಬೆರಳಲ್ಲಿ ಒತ್ತಿದರೆ ಹಿಸುಕಿಹೋಗುವಷ್ಟು ಬೇಯಬೇಕು. ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು, ಆದರೆ ಸೂಕ್ಷ್ಮ ಹೊಟ್ಟೆಯವರು ಮೊಳಕೆಕಾಳನ್ನು ಹಸಿಯಾಗಿ ತಿನ್ನುವುದು ಬೇಡ, ಬೇಯಿಸಿಯೇ ತಿನ್ನಿ. ಚಳಿಗಾಲದಲ್ಲಿ ಸೊಗಡಿನ ಅವರೆ ಬಂದಾಗ ಆಸೆ ತಡೆಯಲಾಗದಿದ್ದರೆ ಹಿತಕಿದ ಬೇಳೆ ಮಾಡಿಕೊಳ್ಳಿ. ಸಿಪ್ಪೆ ಹೋಗಿರುವುದರಿಂದ ಇಡೀ ಕಾಳಿಗಿಂತ ಹಗುರ. ಆದರೂ ಒಂದು ಸಣ್ಣ ಬಟ್ಟಲಿಗೆ ನಿಲ್ಲಿಸಿ.

ತೊಗರಿಬೇಳೆ ಸಾಂಬಾರು ಭಾರ ಎನಿಸಿದರೆ ಕೆಲವು ವಾರ ಹೆಸರುಬೇಳೆಗೆ ಬನ್ನಿ. ಅರಿಶಿನ ಹಾಕಿ ಮೆತ್ತಗೆ ಬೇಯಿಸಿ, ಶುಂಠಿ ಜಜ್ಜಿ ಹಾಕಿ, ತುಪ್ಪದಲ್ಲಿ ಜೀರಿಗೆ, ಇಂಗಿನ ಒಗ್ಗರಣೆ ಕೊಟ್ಟರೆ ತೊವ್ವೆ ಆಯಿತು. ಇಂಗು, ಓಮ, ಜೀರಿಗೆ ನಮ್ಮ ಹಿರಿಯರ ರೂಢಿ, ನಾನೂ ಬಿಟ್ಟಿಲ್ಲ. ಆದರೆ ನೆನೆಸದೆ, ಅರೆಬೆಂದ ಕಾಳಿಗೆ ಎಷ್ಟು ಇಂಗು ಹಾಕಿದರೂ ಉಪಯೋಗವಿಲ್ಲ. ಇನ್ನೊಂದು ಮಾತು: ಅಂಗಡಿಯಲ್ಲಿ ಸಿಗುವ ಇಂಗಿನ ಪುಡಿಗೆ ಹೆಚ್ಚಾಗಿ ಗೋಧಿ ಅಥವಾ ಮೈದಾ ಬೆರೆಸಿರುತ್ತಾರೆ. ಗೋಧಿ ತಿಂದರೆ ಕರುಳಿಗೇ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಎಂದು ವೈದ್ಯರು ಹೇಳಿರುವವರು ಡಬ್ಬಿಯ ಮೇಲಿರುವುದನ್ನು ಓದಿಯೇ ಕೊಳ್ಳಬೇಕು. ಆ ಕಾಯಿಲೆಯ ಅನುಮಾನ ಇರುವವರು ರಕ್ತಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ, ಬಿಟ್ಟರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣದೇ ಹೋಗಬಹುದು.

ಬೇಳೆಯ ಮೇಲೆ ಹೊರಿಸುವ ತಪ್ಪು ಎಷ್ಟೋ ಸಲ ಈರುಳ್ಳಿಯದು, ಬೆಳ್ಳುಳ್ಳಿಯದು. ಅವುಗಳಲ್ಲೂ ಕರುಳು ಅರಗಿಸಲಾರದ, ನೀರಿಗೆ ಬಿಟ್ಟುಕೊಳ್ಳುವ ಅಂಶವಿದೆ. ಸಾಂಬಾರಿನಲ್ಲಿ ಈರುಳ್ಳಿ ಹೋಳು ಬೆಂದಮೇಲೆ ಅದನ್ನು ತಟ್ಟೆಯ ಅಂಚಿಗೆ ಎತ್ತಿಟ್ಟರೆ ಪ್ರಯೋಜನವಿಲ್ಲ, ಆ ಅಂಶ ಆಗಲೇ ರಸಕ್ಕೆ ಇಳಿದಿರುತ್ತದೆ. ಎಣ್ಣೆ, ತುಪ್ಪಕ್ಕೆ ಮಾತ್ರ ಅದು ಇಳಿಯುವುದಿಲ್ಲ. ಬೆಳ್ಳುಳ್ಳಿಯ ಘಮ ಬೇಕೆನ್ನುವವರು ಇಡೀ ಎಸಳನ್ನು ತುಪ್ಪದಲ್ಲಿ ಕೆಂಪಗೆ ಹುರಿದು, ಎಸಳನ್ನು ತೆಗೆದುಹಾಕಿ, ಆ ತುಪ್ಪವನ್ನಷ್ಟೇ ಸಾರಿಗೆ ಹಾಕಿಕೊಳ್ಳಿ. ಎರಡು ಮೂರು ವಾರ ಈರುಳ್ಳಿಯಿಲ್ಲದ ಉಪ್ಪಿಟ್ಟು, ಪಲ್ಯ ಮಾಡಿ ನೋಡಿ. ಉಬ್ಬರ ಇಳಿದರೆ ಕಾರಣ ಸಿಕ್ಕ ಹಾಗೆ.

ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುವವರು ಮೊಸರು, ಮಜ್ಜಿಗೆಯನ್ನೂ ಬಿಡುತ್ತಾರೆ. ಅದು ಬೇಕಿಲ್ಲ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಅರಗಿಸುವ ಶಕ್ತಿ ನಮ್ಮಲ್ಲಿ ಎಷ್ಟೋ ಜನಕ್ಕೆ ದೊಡ್ಡವರಾಗುತ್ತ ಕಡಿಮೆಯಾಗುತ್ತದೆ. ಹೆಪ್ಪು ಹಾಕಿದಾಗ ಅದರ ಒಂದು ಭಾಗವನ್ನು ಬ್ಯಾಕ್ಟೀರಿಯಾಗಳೇ ತಿಂದು ಹುಳಿ ಮಾಡಿರುತ್ತವೆ. ಅದಕ್ಕೇ ಹಾಲು ಒಗ್ಗದವರಿಗೂ ಮೊಸರು ಒಗ್ಗುವುದುಂಟು. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್ ಇರುತ್ತದೆ, ಖಾಲಿ ಹೊಟ್ಟೆಗೆ ಅಷ್ಟನ್ನೂ ಒಮ್ಮೆಗೇ ಸುರಿದುಕೊಂಡರೆ ಕಷ್ಟ. ಅರ್ಧ ಲೋಟ, ತಿಂಡಿಯ ಜೊತೆ ಕುಡಿದು ನೋಡಿ. ಮಧ್ಯಾಹ್ನ ಊಟದ ಕೊನೆಗೆ ನೀರುಮಜ್ಜಿಗೆಯಿರಲಿ, ಇಲ್ಲವೇ ದೊಡ್ಡಪತ್ರೆಯ ತಂಬುಳಿ: ಎಲೆಯನ್ನು ಚೂರು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ನಾಲ್ಕು ಕಾಳುಮೆಣಸು, ತೆಂಗಿನತುರಿ ಸೇರಿಸಿ ರುಬ್ಬಿ, ಮಜ್ಜಿಗೆಗೆ ಕಲಸುವುದು. ಮಲೆನಾಡಿನ ಮನೆಗಳಲ್ಲಿ ಬಿಸಿ ಅನ್ನದ ಮೊದಲ ತುತ್ತಿಗೆ ಇದನ್ನೇ ಬಡಿಸುತ್ತಾರೆ.

ಹಾಲು ಕಡಿಮೆಯಾದರೆ ಕ್ಯಾಲ್ಸಿಯಂಗೆ ಏನು ಗತಿ ಎಂದು ಕೇಳುವವರಿಗೆ ರಾಗಿ ಇದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಆದರೆ ನಾರೂ ಹೆಚ್ಚು, ಅಭ್ಯಾಸವಿಲ್ಲದವರು ಒಂದೇ ಸಲ ಎರಡು ಮುದ್ದೆ ನುಂಗಿದರೆ ಹೊಟ್ಟೆ ಕಲ್ಲಾಗುತ್ತದೆ. ತೆಳ್ಳಗಿನ ಅಂಬಲಿಯಿಂದ ಶುರು ಮಾಡಿ. ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದ ರಾಗಿ ಹಿಟ್ಟು ಮಗುವಿನ ರಾಗಿಸರಿಗೆ ಮಾತ್ರ ಎಂದುಕೊಳ್ಳಬೇಡಿ. ಜ್ವರದಿಂದ ಎದ್ದವರಿಗೂ, ಹಲ್ಲಿಲ್ಲದ ಹಿರಿಯರಿಗೂ ಅಷ್ಟೇ ಹಿತ.

ಇನ್ನು ಬೇಧಿ. ಬೇಧಿಯಾದಾಗ ಉಪವಾಸ ಕೆಡವಬೇಡಿ, ಮಕ್ಕಳನ್ನಂತೂ ಎಂದಿಗೂ ಬೇಡ. ಹಾಲು ಕುಡಿಯುವ ಕೂಸಿಗೆ ಎದೆಹಾಲು ನಿಲ್ಲಿಸಬಾರದು. ನೀರಿಗೆ ಕಲಸಿ ಕುಡಿಸುವ ಉಪ್ಪು-ಸಕ್ಕರೆಯ ಓಆರ್‌ಎಸ್ ಪೊಟ್ಟಣ ಮನೆಯಲ್ಲಿ ಸದಾ ಇರಲಿ, ಎಷ್ಟು ನೀರು ಎಂದು ಅದರ ಮೇಲೆ ಬರೆದಿರುತ್ತದೆಯೋ ಅಷ್ಟೇ ಹಾಕಿ. ಪೊಟ್ಟಣ ಇಲ್ಲದ ಹೊತ್ತಿಗೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ತಲೆ ತಟ್ಟಿ ಅಳೆಯಬೇಕು, ಗೋಪುರ ಮಾಡಬಾರದು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಿ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ, ಓಆರ್‌ಎಸ್ ಜಾಗಕ್ಕೆ ಅದು ಸಾಲದು. ಅಂಗಡಿಯ ಸಿಹಿ ಜ್ಯೂಸು ಬೇಧಿಯನ್ನು ಹೆಚ್ಚಿಸುತ್ತದೆ. ಊಟಕ್ಕೆ ನುಚ್ಚಕ್ಕಿ ಗಂಜಿ, ಚಿಟಿಕೆ ಉಪ್ಪು, ಮೊಸರನ್ನ, ಕಳಿತ ಬಾಳೆಹಣ್ಣು ಸಾಕು. ಮಗುವಿನ ಮೂತ್ರ ಕಡಿಮೆಯಾದರೆ, ಕಣ್ಣು ಗುಳಿಬಿದ್ದರೆ, ಮಂಕಾಗಿ ಮಲಗಿದರೆ ಮನೆಮದ್ದು ನಿಲ್ಲಿಸಿ ಆಸ್ಪತ್ರೆಗೆ ಓಡಿ.

ಅನ್ನದ ಬಗ್ಗೆ ಒಂದು ಎಚ್ಚರ. ಮಧ್ಯಾಹ್ನದ ಅನ್ನವನ್ನು ಒಲೆಕಟ್ಟೆಯ ಮೇಲೆ ರಾತ್ರಿಯವರೆಗೆ ಬಿಟ್ಟು ಚಿತ್ರಾನ್ನ ಕಲಸುವ ಅಭ್ಯಾಸ ಸೂಕ್ಷ್ಮ ಹೊಟ್ಟೆಯವರ ಮನೆಗೆ ಆಗದು. ಹಾಗೆ ಬಿಟ್ಟ ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ವಿಷ ಬಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಸಾಯುವುದಿಲ್ಲ. ಉಳಿದ ಅನ್ನವನ್ನು ಹರಡಿ ಬೇಗ ಆರಿಸಿ ಫ್ರಿಜ್ಜಿಗಿಡಿ.

ಎದೆಯುರಿಗೆ ಔಷಧಿ ಹುಡುಕುವ ಮೊದಲು ರಾತ್ರಿ ಊಟದ ಗಂಟೆ ನೋಡಿ. ಹತ್ತಕ್ಕೆ ಉಂಡು ಹತ್ತೂವರೆಗೆ ಮಲಗಿದರೆ ಹುಳಿ ಮೇಲೆ ಬರುತ್ತದೆ. ಊಟಕ್ಕೂ ಹಾಸಿಗೆಗೂ ಎರಡು ಮೂರು ಗಂಟೆ ಅಂತರ ಬೇಕು. ತಲೆಗೆ ಎರಡು ದಿಂಬು ಪೇರಿಸಿದರೆ ಹೊಟ್ಟೆ ಮಡಿಚಿಕೊಳ್ಳುತ್ತದೆ, ಅದರ ಬದಲು ಮಂಚದ ತಲೆಯ ಕಡೆಯ ಕಾಲಿಗೆ ಇಟ್ಟಿಗೆ ಕೊಡಿ. ಎಡಮಗ್ಗುಲಲ್ಲಿ ಮಲಗಿ. ಮಂಡಿನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗುವವರು ನಮ್ಮಲ್ಲಿ ಬಹಳ, ಹೊಟ್ಟೆಯ ಹುಣ್ಣಿಗೆ ಆ ಮಾತ್ರೆಯೂ ಒಂದು ದೊಡ್ಡ ಕಾರಣ. ಗ್ಯಾಸಿನ ಮಾತ್ರೆಯನ್ನೂ ವರ್ಷಗಟ್ಟಲೆ ತಾವಾಗಿಯೇ ತೆಗೆದುಕೊಳ್ಳಬಾರದು, ಮೈಯಲ್ಲಿ ಬಿ12 ವಿಟಮಿನ್ ಕಡಿಮೆಯಾಗಬಹುದು, ಅದರಲ್ಲೂ ಸಸ್ಯಾಹಾರಿಗಳಿಗೆ.

ಮಲದಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ, ನಿದ್ದೆಯಿಂದ ಎಬ್ಬಿಸುವ ನೋವು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಇವು ಯಾವುವೂ ಕಷಾಯಕ್ಕೆ ಕಾಯುವಂಥವಲ್ಲ. ಎದೆ ಉರಿಯ ಜೊತೆ ಬೆವರು, ತೋಳು ಅಥವಾ ದವಡೆಗೆ ಹರಿಯುವ ನೋವು ಇದ್ದರೆ ಗ್ಯಾಸ್ ಎಂದು ಸೋಡಾ ಕುಡಿಸುತ್ತ ಕೂರಬೇಡಿ, ಅದು ಹೃದಯದ್ದಿರಬಹುದು.

ಅಂಥದ್ದೇನೂ ಇಲ್ಲವಾದರೆ, ಬಿಟ್ಟದ್ದನ್ನು ಒಂದೊಂದಾಗಿ ಮನೆಗೆ ವಾಪಸು ಕರೆಯಿರಿ. ಈ ವಾರ ತೊಗರಿಬೇಳೆ, ಮೊದಲ ದಿನ ಎರಡು ಚಮಚ, ಆಮೇಲೆ ಕಾಲು ಬಟ್ಟಲು, ಆಮೇಲೆ ಅರ್ಧ. ಹೊಟ್ಟೆ ಸುಮ್ಮನಿದ್ದರೆ ಮುಂದಿನ ವಾರ ಇನ್ನೊಂದು. ಏನು ತಿಂದಿರಿ, ಯಾವಾಗ ಉಬ್ಬರಿಸಿತು ಎಂದು ಕ್ಯಾಲೆಂಡರಿನ ಅಂಚಿನಲ್ಲಿ ಗುರುತು ಹಾಕಿ. ಇದಕ್ಕೆ ಹಬ್ಬವಿಲ್ಲದ ವಾರವನ್ನು ಆರಿಸಿಕೊಳ್ಳಿ. ಹೋಳಿಗೆ, ಪಾಯಸ, ಅಂಬೊಡೆ ಒಟ್ಟಿಗೆ ಎಲೆಗೆ ಬಿದ್ದ ದಿನ ಯಾವುದು ಒಗ್ಗಲಿಲ್ಲ ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ.