ಜೆಲಟಿನ್ ಬೇಡವೆಂದರೆ ಯಾವ ಸಿಹಿಗೆ ಏನು ಹಾಕಬೇಕು?

ನನ್ನ ಮಗಳಿಗೆ ಗಮ್ಮಿ (ಜಗಿಯುವ ಮೆತ್ತನೆ ಮಿಠಾಯಿ) ಅಂದ್ರೆ ಪ್ರಾಣ. ನಾವು ಸಸ್ಯಾಹಾರಿಗಳು. ಹಾಗಂತ ಅವಳಿಗೆ ಸುಮ್ನೆ "ಬೇಡ" ಅನ್ನುವುದು ನನಗೆ ಇಷ್ಟವಿಲ್ಲ. ಬೇಡ ಅಂದರೆ ಅದರ ಬದಲು ಏನು ಅಂತಲೂ ಹೇಳಬೇಕಲ್ವಾ? ಅದಕ್ಕೇ ಈಗ ಇಂಥ ಸಿಹಿಗಳನ್ನೆಲ್ಲ ಜೆಲಟಿನ್ ಇಲ್ಲದೆ ಮನೆಯಲ್ಲೇ ಮಾಡುತ್ತೇನೆ.

ಜೆಲಟಿನ್ ಅಂದರೆ ಹಂದಿ, ದನ, ಕೆಲವೊಮ್ಮೆ ಮೀನಿನ ಚರ್ಮ ಮತ್ತು ಮೂಳೆಯಿಂದ ತೆಗೆಯುವ ಪ್ರೋಟೀನ್. ಹಾಲು, ಬೆಣ್ಣೆಯ ಲೆಕ್ಕಕ್ಕೆ ಅದು ಬರುವುದಿಲ್ಲ. ಪ್ರಾಣಿಯನ್ನು ಕೊಂದ ಮೇಲೆಯೇ ಸಿಗುವುದು. ಗಮ್ಮಿ, ಜೆಲ್ಲಿ, ಮಾರ್ಷ್‌ಮ್ಯಾಲೊಗಳಲ್ಲಿ (ಸ್ಪಂಜಿನಂಥ ನೊರೆ ಮಿಠಾಯಿ) ಇರುತ್ತದೆ ಅಂತ ಹಲವರಿಗೆ ಗೊತ್ತು. ಮೂಸ್ (ನೊರೆಯಂತೆ ಹಗುರಾದ ಕೆನೆ ಸಿಹಿ), ಚೀಸ್‌ಕೇಕ್, ಕೆಲವು ಮೊಸರಿನ ಡೆಸರ್ಟ್‌ಗಳಲ್ಲೂ ಇರಬಹುದು ಅನ್ನುವುದು ಗಮನಕ್ಕೇ ಬರುವುದಿಲ್ಲ.

ಕೊಂಡು ತರುವುದಾದರೆ ಮೊದಲು ಪ್ಯಾಕೆಟ್ ಹಿಂದಿನ ಸಣ್ಣಕ್ಷರ ಓದಿ. "ಜೆಲಟಿನ್" ಅಂತಲೇ ಬರೆದಿರುತ್ತದೆ, ಕೆಲವು ಕಡೆ ಇ441 ಅಂತ ಸಂಕೇತ ಸಂಖ್ಯೆ ಇರುತ್ತದೆ. ಪೆಕ್ಟಿನ್ (ಇ440), ಅಗರ್ (ಇ406), ಕ್ಯಾರಗೀನನ್ (ಇ407), ಗೆಲ್ಲನ್ ಗಮ್ (ಇ418) ಅಂತಿದ್ದರೆ ಹೆದರಬೇಡಿ, ಇವು ಯಾವುವೂ ಪ್ರಾಣಿಯಿಂದ ಬಂದವಲ್ಲ. ಆದರೆ ಜೆಲಟಿನ್ ಇಲ್ಲ ಅಂದ ಕೂಡಲೇ ನಿರಾಳ ಆಗಬೇಡಿ. ಕೆಂಪು ಬಣ್ಣಕ್ಕೆ ಹಾಕುವ ಕಾರ್ಮೈನ್ (ಇ120) ಕೀಟದಿಂದ ಬರುತ್ತದೆ. ಮೇಲ್ಮೈ ಹೊಳೆಯಲೆಂದು ಬಳಿಯುವ ಶೆಲ್ಲಾಕ್ (ಇ904) ಅರಗಿನ ಹುಳುವಿನದು. "ಹಲಾಲ್" (ಮುಸ್ಲಿಮರ ಆಹಾರ ನಿಯಮ), "ಕೋಷರ್" (ಯಹೂದಿಗಳ ಆಹಾರ ನಿಯಮ) ಗುರುತು ಇದ್ದ ಮಾತ್ರಕ್ಕೆ ಅದು ಸಸ್ಯಾಹಾರಿ ಅಲ್ಲ. ದನದ್ದೋ ಮೀನಿನದ್ದೋ ಜೆಲಟಿನ್ ಇರಬಹುದು. ಒಂದೇ ಹೆಸರಿನ ಮಿಠಾಯಿಯನ್ನು ಬೇರೆ ಬೇರೆ ದೇಶಗಳಿಗೆ ಬೇರೆ ಬೇರೆ ಪದಾರ್ಥ ಹಾಕಿ ಮಾಡುವುದೂ ಉಂಟು. ಹಾಗಾಗಿ ಹಳೇ ನೆನಪಿನ ಮೇಲೆ ಕೊಳ್ಳಬೇಡಿ, ಪ್ರತಿ ಸಲ ಓದಿ.

ಮನೆಯಲ್ಲಿ ಮಾಡುವಾಗ ನಾನು ಮೊದಲು ಕೇಳಿಕೊಳ್ಳುವುದು: ಬಾಯಿಗೆ ಹೇಗಿರಬೇಕು? ಜೆಲಟಿನ್ ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ಅಂದರೆ ನಾಲಿಗೆಯ ಬಿಸಿಗೇ ಕರಗಿ ಹೋಗುತ್ತದೆ. ಸಸ್ಯದಿಂದ ಬಂದ ಯಾವ ಒಂದು ಪದಾರ್ಥವೂ ಜೆಲಟಿನ್ ಮಾಡುವುದನ್ನೆಲ್ಲ ಹಾಗೆ ಹಾಗೇ ಮಾಡಿಕೊಡುವುದಿಲ್ಲ. ಜೆಲ್ಲಿಗೆ ಒಂದು, ಗಮ್ಮಿಗೆ ಇನ್ನೊಂದು ಅಂತ ಆರಿಸಿಕೊಳ್ಳಬೇಕು.

ಜೆಲ್ಲಿಗೆ ಅಗರ್ ಅಗರ್. ನಮ್ಮಲ್ಲಿ ಚೈನಾ ಗ್ರಾಸ್ ಅಂತ ಕರೆಯುತ್ತೇವಲ್ಲ, ಅದೇ. ಕೆಂಪು ಬಣ್ಣದ ಕಡಲ ಪಾಚಿಯಿಂದ ತೆಗೆಯುತ್ತಾರೆ. ಒಂದು ಕಪ್, ಅಂದರೆ ಸುಮಾರು 240 ಮಿಲಿ ರಸಕ್ಕೆ ಒಂದು ಟೀ ಚಮಚ ಪುಡಿ, ಹೆಚ್ಚುಕಡಿಮೆ 2 ಗ್ರಾಂ ಸಾಕು. ಗಟ್ಟಿಯಾಗಿ, ಚಾಕುವಿಗೆ ಸಿಗುವ ಹಾಗೆ ಬರುತ್ತದೆ. ಮೆತ್ತಗೆ ಬೇಕೆಂದರೆ ಅರ್ಧ ಚಮಚ. ಪುಡಿಯ ಬದಲು ಚಕ್ಕೆ ಸಿಕ್ಕಿದರೆ ಒಂದು ಟೀ ಚಮಚ ಪುಡಿಗೆ ಒಂದು ದೊಡ್ಡ ಚಮಚ ಚಕ್ಕೆಯ ಲೆಕ್ಕ.

ಪುಡಿಯನ್ನು ತಣ್ಣಗಿನ ನೀರಿಗೇ ಹಾಕಿ ಕಲಸಿ, ಆಮೇಲೆ ಒಲೆ ಮೇಲಿಡಿ. ಕುದಿ ಬಂದ ಮೇಲೂ ಎರಡು ಮೂರು ನಿಮಿಷ ಕೈಯಾಡಿಸುತ್ತಾ ಕುದಿಸಲೇಬೇಕು. ಬರೀ ಬಿಸಿ ನೀರಿಗೆ ಇದು ಕರಗುವುದಿಲ್ಲ. ಚಮಚ ಎತ್ತಿ ಅದರ ಬೆನ್ನು ನೋಡಿ. ಸಣ್ಣ ಸಣ್ಣ ಪಾರದರ್ಶಕ ಕಾಳು ಅಂಟಿಕೊಂಡಿದ್ದರೆ ಇನ್ನೂ ಆಗಿಲ್ಲ. ಚಮಚ ನುಣುಪಾಗಿ ಕಂಡರೆ ಒಂದು ತೊಟ್ಟನ್ನು ತಣ್ಣಗಿನ ತಟ್ಟೆಗೆ ಬಿಡಿ. ಅರ್ಧ ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆ. ಬೆರಳಲ್ಲಿ ಒತ್ತಿ ನೋಡಿ. ತುಂಬಾ ಗಟ್ಟಿ ಅನ್ನಿಸಿದರೆ ಬಿಸಿ ರಸ ಸೇರಿಸಿ, ಮೆತ್ತಗಾಯಿತು ಅನ್ನಿಸಿದರೆ ಇನ್ನಷ್ಟು ಪುಡಿಯನ್ನು ತಣ್ಣೀರಲ್ಲಿ ಕಲಸಿ ಹಾಕಿ ಮತ್ತೆ ಕುದಿಸಿ. ಒಂದೊಂದು ಕಂಪನಿಯ ಪುಡಿಯ ಬಲ ಒಂದೊಂದು ಥರ, ಅದಕ್ಕೇ ಈ ಪರೀಕ್ಷೆಯನ್ನು ನಾನು ಯಾವತ್ತೂ ಬಿಡುವುದಿಲ್ಲ.

ನಿಂಬೆ ರಸದಂಥ ಹುಳಿಯನ್ನು ಅಗರ್ ಜೊತೆ ಕುದಿಸಬೇಡಿ, ಬಲ ಕುಗ್ಗುತ್ತದೆ. ಒಲೆಯಿಂದ ಇಳಿಸಿದ ಮೇಲೆ ಬೆರೆಸಿ. ಫ್ರಿಜ್‌ನಿಂದ ತೆಗೆದ ರಸವನ್ನು ನೇರವಾಗಿ ಸುರಿಯಬೇಡಿ, ಅಲ್ಲಲ್ಲಿ ಗಂಟು ಕಟ್ಟುತ್ತದೆ. 35–40 ಡಿಗ್ರಿಗೆ ಇಳಿದರೆ ಸಾಕು, ಅಗರ್ ಹೆಪ್ಪಾಗಲು ಶುರುಮಾಡುತ್ತದೆ. ಹೆಪ್ಪಾದದ್ದು ಕರಗಲು ಮಾತ್ರ ಸುಮಾರು 85 ಡಿಗ್ರಿ ಬೇಕು. ಬೇಸಿಗೆಯಲ್ಲಿ ಹೊರಗಿಟ್ಟರೂ ಕರಗದು, ಆದರೆ ಬಾಯಲ್ಲೂ ಕರಗದು. ಕಚ್ಚಿದರೆ ತಟ್ಟನೆ ತುಂಡಾಗುತ್ತದೆ. ನನಗಂತೂ ಅದು ಇಷ್ಟ. ಇನ್ನೊಂದು ಲಾಭ: ಹಸಿ ಅನಾನಸ್, ಪಪ್ಪಾಯಿ, ಕಿವಿ ಹಣ್ಣುಗಳಲ್ಲಿರುವ ಕಿಣ್ವಗಳು ಪ್ರೋಟೀನನ್ನು ಕತ್ತರಿಸುವುದರಿಂದ ಜೆಲಟಿನ್ ಜೆಲ್ಲಿ ಗಟ್ಟಿಯಾಗುವುದೇ ಇಲ್ಲ. ಅಗರ್ ಪ್ರೋಟೀನ್ ಅಲ್ಲ, ಈ ಹಣ್ಣುಗಳನ್ನು ಧೈರ್ಯವಾಗಿ ಹಾಕಬಹುದು.

ಗಮ್ಮಿಗೆ ನನ್ನ ಓಟು ಪೆಕ್ಟಿನ್‌ಗೆ. ಸೇಬಿನ ಹಿಪ್ಪೆ, ಕಿತ್ತಳೆ ಜಾತಿಯ ಹಣ್ಣುಗಳ ಸಿಪ್ಪೆಯಿಂದ ತೆಗೆಯುವುದು. ರಬ್ಬರಿನಂತೆ ಜಗ್ಗುವುದಿಲ್ಲ, ಮೆತ್ತಗೆ ಕಚ್ಚಿಸಿಕೊಳ್ಳುತ್ತದೆ, ಹಣ್ಣಿನ ರುಚಿ ಚೆನ್ನಾಗಿ ಬಿಡುತ್ತದೆ. ಕೊಳ್ಳುವಾಗ ಡಬ್ಬಿ ನೋಡಿ. ಒಂದು ಬಗೆಗೆ ಜಾಸ್ತಿ ಸಕ್ಕರೆಯೂ ಹುಳಿಯೂ ಬೇಕು, ಇನ್ನೊಂದು ಬಗೆ ಕಡಿಮೆ ಸಕ್ಕರೆಯಲ್ಲೂ ಕ್ಯಾಲ್ಸಿಯಂ ಸೇರಿದರೆ ಗಟ್ಟಿಯಾಗುತ್ತದೆ. ಗಮ್ಮಿಗೆ ಮೊದಲನೆಯದು. ಪುಡಿಯನ್ನು ಒಂದಿಷ್ಟು ಸಕ್ಕರೆಯಲ್ಲಿ ಕಲಸಿಯೇ ಹಣ್ಣಿನ ತಿರುಳಿಗೆ ಹಾಕಿ, ಇಲ್ಲದಿದ್ದರೆ ಉಂಡೆ ಕಟ್ಟುತ್ತದೆ. ತಿರುಳಿನಷ್ಟೇ ತೂಕದ ಸಕ್ಕರೆ ಹಾಕಿ ಸುಮಾರು 107 ಡಿಗ್ರಿ ಬರುವ ತನಕ ಕಾಯಿಸಿ, ಕೊನೆಗೆ ನಿಂಬೆ ರಸ ಬೆರೆಸಿ ತಕ್ಷಣ ತಟ್ಟೆಗೆ ಸುರಿಯಿರಿ. ಮರುದಿನ ಕತ್ತರಿಸಿ ಸಕ್ಕರೆಯಲ್ಲಿ ಹೊರಳಿಸಿ.

ಮಾರ್ಷ್‌ಮ್ಯಾಲೊ ಸ್ವಲ್ಪ ಕಷ್ಟದ ಕೆಲಸ. ಕಾಬೂಲ್ ಕಡಲೆ ಬೇಯಿಸಿದ ನೀರನ್ನು ಚೆಲ್ಲಬೇಡಿ. ಅದನ್ನು ಗಟ್ಟಿಯಾಗಿ ಕಡೆದರೆ ಮೊಟ್ಟೆಯ ಬಿಳಿಯ ಹಾಗೆ ನೊರೆ ಬರುತ್ತದೆ. 2014ರಲ್ಲಿ ಫ್ರಾನ್ಸಿನ ಗಾಯಕ ಜೋಯೆಲ್ ರೋಸೆಲ್ ಇದನ್ನು ಕಂಡುಕೊಂಡರು, ಈಗ ಇದಕ್ಕೆ ಅಕ್ವಾಫಾಬಾ ಅಂತ ಹೆಸರು. ಅಗರ್ ಹಾಕಿ ಕುದಿಸಿದ ಸಕ್ಕರೆ ಪಾಕವನ್ನು ಮೆದು ಉಂಡೆಯ ಹದಕ್ಕೆ, ಅಂದರೆ ಸುಮಾರು 115 ಡಿಗ್ರಿಗೆ ತಂದು, ಬಿಸಿಬಿಸಿಯಾಗಿ ಆ ನೊರೆಗೆ ತೆಳು ಧಾರೆಯಾಗಿ ಬಿಡುತ್ತಾ ಕಡೆಯಬೇಕು. ಕೂಡಲೇ ಅಚ್ಚಿಗೆ ಹಾಕಿ, ತಡಮಾಡಿದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ.

ಹಾಲಿನ ಪುಡ್ಡಿಂಗ್, ಮೂಸ್‌ಗಳಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮೆಕ್ಕೆಜೋಳದ ಪಿಷ್ಟ, ಅದೇ ಕಾರ್ನ್‌ಫ್ಲೋರ್, ಸಾಕು. ಇನ್ನೂ ನುಣುಪು ಬೇಕಾದರೆ ಹಾಲಿನ ಜೊತೆ ಚೆನ್ನಾಗಿ ಹೊಂದುವ ಕ್ಯಾರಗೀನನ್ (ಇದೂ ಕಡಲ ಪಾಚಿಯದೇ) ತನ್ನಿ.

ಇಡುವ ವಿಷಯ: ಅಗರ್ ಜೆಲ್ಲಿ ದಿನ ಕಳೆದಂತೆ ನೀರು ಬಿಡುತ್ತದೆ. ಕೆಟ್ಟಿತು ಅಂತಲ್ಲ, ಅದರ ಸ್ವಭಾವವೇ ಹಾಗೆ. ಮುಚ್ಚಿ ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ತಿಂದುಬಿಡಿ. ಫ್ರೀಜರ್‌ಗೆ ಮಾತ್ರ ಹಾಕಬೇಡಿ, ನೀರೆಲ್ಲ ಬೇರೆಯಾಗಿ ಜೆಲ್ಲಿ ಜಾಳುಜಾಳಾಗುತ್ತದೆ.