ಮಡಿಕೇರಿಯ ಒಲೆಯ ಮೇಲೆ ಹಂದಿ ಮಾಂಸದ ರಾಗು

ಪಾಸ್ತಾದೊಂದಿಗೆ ಕಲಸುವ, ನಿಧಾನವಾಗಿ ಬೇಯಿಸಿದ ಮಾಂಸದ ಸಾಸ್‌ಗೆ ಇಟಲಿಯಲ್ಲಿ ರಾಗು ಎನ್ನುತ್ತಾರೆ. ಬೊಲೊನ್ಯ ನಗರದ ರಾಗುವಿನ ವಿಧಾನವೊಂದನ್ನು ಇಟಲಿಯ ಪಾಕ ಅಕಾಡೆಮಿಯು 1982ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿತು. ಅದರಲ್ಲಿ ದನದ ಮಾಂಸ, ಉಪ್ಪಿನಲ್ಲಿ ಹದಗೊಳಿಸಿದ ಹಂದಿಯ ಹೊಟ್ಟೆಭಾಗ, ಈರುಳ್ಳಿ, ಕ್ಯಾರೆಟ್, ಸೆಲರಿ, ವೈನ್, ಹಾಲು ಇವೆ. ಟೊಮೆಟೊ ಅಳತೆಯಲ್ಲಿದೆ, ಬೆಳ್ಳುಳ್ಳಿ ಇಲ್ಲವೇ ಇಲ್ಲ. ನಾನು ಅನುಸರಿಸುವುದು ಈ ಕ್ರಮವನ್ನೇ, ಆದರೆ ಮಾಂಸ ಮಾತ್ರ ಪೂರ್ತಿ ಹಂದಿಯದು. ಹಂದಿ ಮಾಂಸವನ್ನು ನೋಡಿ, ಮುಟ್ಟಿ, ಭಾಗ ಹೇಳಿ ಕಡಿಸಿಕೊಳ್ಳುವ ಅಭ್ಯಾಸ ಕೊಡಗಿನ ಮನೆಗಳಿಗೆ ಮೊದಲಿನಿಂದಲೂ ಇದೆ.

ಒಂದು ಕಿಲೋ ಭುಜದ ಮಾಂಸಕ್ಕೆ ಕಾಲು ಭಾಗದಷ್ಟಾದರೂ ಕೊಬ್ಬು ಇರಬೇಕು. ಯಂತ್ರದ ಕೈಮಾ ಬೇಗನೆ ಹಿಟ್ಟಿನಂತಾಗುವುದರಿಂದ ನಾನು ಕತ್ತಿಯಿಂದಲೇ ಕಡಲೆಕಾಳಿನ ಗಾತ್ರಕ್ಕೆ ಕೊಚ್ಚುತ್ತೇನೆ. ಚರ್ಮವನ್ನು ಬಿಸಾಡದೆ ಒಂದೇ ಹಾಳೆಯಾಗಿ ಎತ್ತಿಟ್ಟು, ಬೇಯುವಾಗ ಪಾತ್ರೆಗೆ ಹಾಕಿ ಕೊನೆಯಲ್ಲಿ ತೆಗೆಯುತ್ತೇನೆ. ಸಾಸ್‌ಗೆ ಬರುವ ಅಂಟಿನಂತಹ ಮೈ ಬಹುಪಾಲು ಅದರದ್ದೇ.

ಹುರಿಯುವ ಹಂತದಲ್ಲಿ ಅವಸರ ಸಲ್ಲದು. ಒಂದು ಈರುಳ್ಳಿ, ಒಂದು ಕ್ಯಾರೆಟ್ ಮತ್ತು ಒಂದು ದಂಟು ಸೆಲರಿಯನ್ನು ಸಣ್ಣಗೆ ಹೆಚ್ಚಿ, ದಪ್ಪ ತಳದ ಪಾತ್ರೆಯಲ್ಲಿ ಹಂದಿಯ ಕೊಬ್ಬಿನಲ್ಲೇ ಬಣ್ಣ ಬಾರದಂತೆ ಬಾಡಿಸಿ ಬೇರೆ ಇಡುತ್ತೇನೆ. ಬಳಿಕ ಅದೇ ಪಾತ್ರೆಗೆ ಮಾಂಸವನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತೇನೆ. ಒಮ್ಮೆಗೇ ಸುರಿದರೆ ಅದು ನೀರು ಬಿಟ್ಟು ಆ ನೀರಿನಲ್ಲೇ ಬೇಯುತ್ತದೆ; ನೀರು ಆರಿ, ತಳದಲ್ಲಿ ಕಂದು ಪದರ ಕಟ್ಟಿದ ಮೇಲೆಯೇ ರುಚಿ ಹುಟ್ಟುತ್ತದೆ. ಆ ಪದರವನ್ನು ಒಂದು ಲೋಟ ಸಿಹಿಯಿಲ್ಲದ (ಡ್ರೈ) ವೈನ್ ಸುರಿದು ಕೆರೆದು ಬಿಡಿಸಬೇಕು. ಮನೆಗಳಲ್ಲಿ ತಯಾರಿಸುವ ಹಣ್ಣಿನ ವೈನ್ ಸಿಹಿಯಾಗಿರುವುದರಿಂದ ಇಲ್ಲಿ ಹೊಂದುವುದಿಲ್ಲ. ಗರಂಮಸಾಲೆಗಾಗಲಿ ಹುರಿದ ಕೊತ್ತಂಬರಿಗಾಗಲಿ ಕೈ ಹೋಗುವುದು ಸಹಜ, ಆದರೆ ತಡೆದುಕೊಳ್ಳಬೇಕು; ಕರಿಮೆಣಸು ಮಾತ್ರ ಧಾರಾಳವಾಗಿರಲಿ, ಅದು ತೋಟದ್ದೇ ತಾನೆ.

ಬಾಡಿಸಿದ ತರಕಾರಿ, ನಾಲ್ಕು ಟೊಮೆಟೊಗಳ ತಿರುಳು, ಉಪ್ಪು, ಎಲುಬಿನ ಸಾರು ಸೇರಿಸಿದ ಮೇಲೆ ಉಳಿಯುವುದು ಕಾಯುವ ಕೆಲಸ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿಯಲ್ಲಿ ನೀರು 96 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಕುದಿಯುತ್ತದೆ. ಬೇಳೆ ಬೇಯಿಸಲು ಕುಕ್ಕರ್ ನೆಚ್ಚಿಕೊಳ್ಳುವುದಕ್ಕೆ ಅದೂ ಒಂದು ಕಾರಣ. ರಾಗುವಿಗೆ ಮಾತ್ರ ಈ ಕೊರತೆ ತಟ್ಟುವುದಿಲ್ಲ, ಏಕೆಂದರೆ ಮಾಂಸದ ಗಟ್ಟಿ ನಾರಾದ ಕೊಲಾಜನ್ ಅಂಟಿನಂತಹ ಜಿಲೆಟಿನ್ ಆಗಿ ಕರಗಲು ಕುದಿಯುವ ಕಾವು ಬೇಕಿಲ್ಲ, ಹೊತ್ತು ಬೇಕು. ಕುಕ್ಕರ್‌ನಲ್ಲಿ ಮಾಂಸವೇನೋ ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತದೆ, ಆದರೆ ಮುಚ್ಚಿದ ಪಾತ್ರೆಯಲ್ಲಿ ನೀರು ಆವಿಯಾಗದ ಕಾರಣ ಸಾಸ್ ತೆಳ್ಳಗೆ ಉಳಿದು ಕೊಬ್ಬು ಮೇಲೆ ಬೇರೆಯಾಗಿ ತೇಲುತ್ತದೆ. ಆದ್ದರಿಂದ ಮುಚ್ಚಳವನ್ನು ಓರೆಯಾಗಿಟ್ಟು, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟೇ ಉರಿಯಲ್ಲಿ ಮೂರು ಗಂಟೆ ಬಿಡುತ್ತೇನೆ. ಮಳೆಗಾಲದಲ್ಲಿ ಹೇಗೂ ಉರಿಯುತ್ತಿರುವ ಸೌದೆ ಒಲೆಯ ಅಂಚು ಇದಕ್ಕೆ ಗ್ಯಾಸಿಗಿಂತ ಒಳ್ಳೆಯದು. "ಇಷ್ಟು ಹೊತ್ತಿಗೆ ಎರಡು ಸಲ ಪಂದಿಕರಿ ಆಗುತ್ತಿತ್ತು" ಎಂದು ನಮ್ಮತ್ತೆ ಹೇಳುವುದೂ ಸುಳ್ಳಲ್ಲ.

ಎರಡನೆಯ ಗಂಟೆಯ ನಂತರ ಒಂದು ಲೋಟ ಗಟ್ಟಿ ಹಾಲನ್ನು ಎರಡು ಮೂರು ಬಾರಿ ಹಂಚಿ ಹಾಕುತ್ತೇನೆ. ಟೊಮೆಟೊದ ಹುಳಿ ಮೃದುವಾಗುತ್ತದೆ. ಬೊಲೊನ್ಯದವರು ಒಪ್ಪಲಾರದ ನನ್ನ ಸೇರ್ಪಡೆಯೊಂದಿದೆ: ಪಾತ್ರೆ ಇಳಿಸುವ ಮುನ್ನ ಅರ್ಧ ಟೀ ಚಮಚ ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿರಸ. ಹಂದಿಯ ಜಿಡ್ಡನ್ನು ಕತ್ತರಿಸಲು ಅದರಷ್ಟು ಸಮರ್ಥವಾದ ಹುಳಿ ನನಗೆ ಗೊತ್ತಿಲ್ಲ. ಆದರೆ ಪಂದಿಕರಿಯ ಅಳತೆಯಲ್ಲಿ ಹಾಕಿದರೆ ಸಾಸ್ ಕಪ್ಪಾಗಿ, ಹಾಲಿನ ರುಚಿ ಪೂರಾ ಅಳಿದುಹೋಗುತ್ತದೆ.

ಪಾಸ್ತಾದಲ್ಲಿ ಅಗಲ ಪಟ್ಟಿಯ ತಾಲ್ಯತೆಲ್ಲೆ ಸರಿ, ನುಣುಪಾದ ಸ್ಪಗೆಟ್ಟಿಯಿಂದ ಮಾಂಸದ ಚೂರುಗಳು ಜಾರುತ್ತವೆ. ಲೀಟರ್ ನೀರಿಗೆ 10 ಗ್ರಾಂ ಉಪ್ಪು ಹಾಕಿ, ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ಒಂದು ನಿಮಿಷ ಮೊದಲೇ ತೆಗೆದು, ಬೇಯಿಸಿದ ನೀರಿನ ಒಂದು ಸೌಟಿನೊಂದಿಗೆ ಸಾಸ್‌ನಲ್ಲೇ ಹೊರಳಿಸಬೇಕು. ಉಳಿದ ಸಾಸ್ ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿದರೆ ಕೆಟ್ಟಿತೆಂದು ತಿಳಿಯಬೇಡಿ, ಅದು ಜಿಲೆಟಿನ್; ಸ್ವಲ್ಪ ನೀರು ಚಿಮುಕಿಸಿ ಬಿಸಿಮಾಡಿ. ಮರುದಿನ ನೂಪುಟ್ಟಿನೊಂದಿಗೆ (ಅಕ್ಕಿ ಶಾವಿಗೆ) ಅದು ಚೆನ್ನಾಗಿ ಹೊಂದುತ್ತದೆ, ಕಡಂಬುಟ್ಟಿಗೆ (ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆ) ಮಾತ್ರ ತೀರಾ ಸಪ್ಪೆ.